ರೊಟ್ಟಿ ಗಾಡಿಗೆ ಹತ್ತಿದ ನಾತ

ಹುಕ್ಕೇರಿಯ ಒಂದು ಮನೆಯಂಗಳದಲ್ಲಿ ಆ ವ್ಯಾನನ್ನು ಮೊದಲ ಸಲ ನೋಡಿದಾಗ ಅದರ ಮುಂದಿನ ಗಾಜಿನ ಹತ್ತಿರ ಆರು ಊದಿನಕಡ್ಡಿಗಳು ಒಟ್ಟಿಗೇ ಹೊಗೆಯಾಡುತ್ತಿದ್ದವು. ಬೆಳಗಿನ ಹನ್ನೊಂದು ಗಂಟೆ. ಪೂಜೆಯ ಹೊತ್ತೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು. ಆದರೆ ನಾನು ಒಳಗೆ ಹತ್ತಿ ನೆಟ್ಟಗೆ ನಿಂತೆ, ತಲೆ ಮೇಲೆ ತಾಗಲಿಲ್ಲ, ಅಷ್ಟಕ್ಕೇ ಮರುಳಾದೆ. ಅಷ್ಟು ಎತ್ತರದ, ಅಷ್ಟು ಉದ್ದದ ಗಾಡಿ ನನ್ನದಾಗುತ್ತದೆ ಎಂಬ ಖುಷಿಯಲ್ಲಿ ಮೂಗಿನ ಮಾತು ಕೇಳಲಿಲ್ಲ.

ಮೂಡಲಗಿಯ ನಮ್ಮ ಮನೆಯಲ್ಲಿ ನಾನು ರೊಟ್ಟಿ ಮಾಡಿಸುತ್ತೇನೆ. ನಾಲ್ಕು ಜನ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಾರೆ. ಬಿಸಿರೊಟ್ಟಿ ಗೋಕಾಕ, ಘಟಪ್ರಭಾದ ಖಾನಾವಳಿಗಳಿಗೆ ಹೋಗುತ್ತದೆ, ಒಣಗಿಸಿದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಹುಕ್ಕೇರಿ ಕಡೆಯ ಅಂಗಡಿಗಳಿಗೆ. ಮೊದಲು ಇದನ್ನೆಲ್ಲ ಬಸ್ಸಿನಲ್ಲೇ ಒಯ್ಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಡಬ್ಬ ಇಟ್ಟರೆ ಯಾರಾದರೂ ಅದರ ಮೇಲೆ ಕಾಲಿಡುತ್ತಿದ್ದರು. ಒಂದು ದಿನ ಅರಭಾವಿಯಲ್ಲಿ ಹತ್ತಿದ ಮನುಷ್ಯನೊಬ್ಬ ಡಬ್ಬದ ಮೇಲೆ ಆರಾಮವಾಗಿ ಕೂತೇಬಿಟ್ಟ. ಎದ್ದೇಳಿ ಎಂದರೆ, "ರೊಟ್ಟಿ ಅಲ್ಲೇನ್ರಿ, ಮುರದ್ರ ಏನಾತು, ಮುರದ ತಿನ್ನೂದ ಅಲ್ಲ?" ಎಂದ. ಅವನ ಪ್ಯಾಂಟಿನ ಹಿಂಭಾಗದಲ್ಲಿ ಸಗಣಿ ಮೆತ್ತಿತ್ತು. ಆ ಡಬ್ಬವನ್ನು ನಾನು ಮನೆಗೆ ತಂದು ಎಮ್ಮೆಗೆ ಹಾಕಿದೆ. ಗಾಡಿ ತಗೊಳ್ಳಲೇಬೇಕು ಎಂದು ನಿರ್ಧರಿಸಿದ್ದು ಅವತ್ತು.

ನನಗೆ ಗಾಡಿ ಓಡಿಸುವುದು ಬರುತ್ತಿತ್ತು. ತವರುಮನೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವಳು ನಾನು. ನನ್ನ ಗಂಡನಿಗೆ ಊರಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ತಿಂಗಳ ಪಗಾರ, ರವಿವಾರ ಸೂಟಿ. ಆದ್ದರಿಂದ ಕೆಲಸದ ದಿನ ನಾನು ಓಡಿಸುವುದು, ಸೂಟಿಯ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅವರು ಓಡಿಸುವುದು ಎಂದು ಗಾಡಿ ಬರುವ ಮೊದಲೇ ನಮ್ಮಲ್ಲಿ ಮಾತಾಗಿತ್ತು.

"ಸಾಲಿ ಹುಡುಗೂರನ್ನ ಬಿಟ್ರ ಇದರಾಗ ಬ್ಯಾರೆ ಏನೂ ಹೇರಿಲ್ರಿ ಅಕ್ಕಾರ," ಎಂದು ಹುಕ್ಕೇರಿಯಲ್ಲಿ ಗಾಡಿ ಮಾರುವವನು ಗಂಟಲು ಮುಟ್ಟಿಕೊಂಡು ಆಣೆ ಮಾಡಿದ.

ತಂದ ಮೂರನೇ ದಿನ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಬಾಗಿಲು ತೆಗೆದೆ. ಒಳಗಿಂದ ಬಂದದ್ದನ್ನು ವಾಸನೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅದು ಮುಖಕ್ಕೆ ಹೊಡೆಯಿತು. ಹುಳಿ, ಜಿಡ್ಡು, ಅದರೊಳಗೆ ಸತ್ತ ಇಲಿಯಂಥದ್ದೇನೋ. ನನ್ನ ಮಗಳು ಐದನೇ ಇಯತ್ತೆ ಓದುತ್ತಾಳೆ. ಅವಳು ಮೂಗು ಹಿಡಿದುಕೊಂಡು, "ಅವ್ವಾ, ಗಾಡಿ ವಾಂತಿ ಮಾಡಕೊಂಡೈತಿ," ಎಂದಳು. ಗಂಡ ಅಂಗಡಿಯಿಂದ ಸೆಂಟಿನ ಡಬ್ಬಿ ತಂದು ಪುಸ್ಸೆಂದು ಹೊಡೆದರು. ಆಮೇಲೆ ಸತ್ತ ಇಲಿಗೆ ಮಲ್ಲಿಗೆ ಮುಡಿಸಿದ ಹಾಗಾಯಿತು.

ಎರಡು ದಿನ ಹುಡುಕಿದೆವು. ಸೀಟಿನ ಕೆಳಗೆ, ಗಾಲಿಯ ಉಬ್ಬಿನ ಹಿಂದೆ, ಮೇಲಿನ ಹೊದಿಕೆಯೊಳಗೆ, ಎಲ್ಲೂ ಇಲ್ಲ. ಕೊನೆಗೆ ನಾನು ನೆಲದ ಹೊಸ ರಬ್ಬರ್ ಮ್ಯಾಟಿನ ಒಂದು ತುದಿಯನ್ನು ಕಬ್ಬಿಣದ ಪಟ್ಟಿಯಿಂದ ಎಬ್ಬಿಸಿ ಎಳೆದೆ. ಅಂಟು ಬಿಟ್ಟುಕೊಂಡು ಚರ್ರೆಂದು ಎದ್ದು ಬಂತು. ಕೆಳಗಿನ ಪ್ಲೈವುಡ್ ಕರ್ರಗೆ ಒದ್ದೆಯಾಗಿ, ಹಳೆಯ ರೊಟ್ಟಿಯ ಹಾಗೆ ಪದರಪದರವಾಗಿ ಬಿಚ್ಚಿತ್ತು. ಪದರಗಳ ನಡುವೆ ಹಳದಿ ಗಿಣ್ಣಿನಂಥ ಗಟ್ಟಿಗಳು. ಅವು ಅಲುಗಾಡುತ್ತಿದ್ದವು. ಹತ್ತಿರ ಬಗ್ಗಿ ನೋಡಿದರೆ ಅಲುಗಾಡುತ್ತಿದ್ದದ್ದು ಗಿಣ್ಣಲ್ಲ, ಅದರೊಳಗಿನ ಬಿಳಿ ಹುಳ.

ಹಾಲು. ಎಷ್ಟೋ ವರ್ಷ ಅದರಲ್ಲಿ ಹಾಲಿನ ಕ್ಯಾನು ಹೇರಿದ್ದರು. ಚೆಲ್ಲಿದ ಹಾಲು ಇಳಿದು ಇಳಿದು ನೆಲವೇ ಕೊಳೆತಿತ್ತು. ಅದರ ಮೇಲೆ ಹೊಸ ಮ್ಯಾಟು ಅಂಟಿಸಿ, ಊದಿನಕಡ್ಡಿ ಹಚ್ಚಿ ನಮಗೆ ಕೊಟ್ಟಿದ್ದ.

ಅವನಿಗೆ ಫೋನು ಮಾಡಿದೆ. ಸಿಟ್ಟಾಗುತ್ತಾನೆ, ಇಲ್ಲವೆ ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಮಾಡಲಿಲ್ಲ. ಬಹಳ ಶಾಂತವಾಗಿ, "ಹಾಲ ಅಂದ್ರ ಲಕ್ಷ್ಮಿ ಇದ್ದಂಗ್ರಿ ಅಕ್ಕಾರ. ಹಾಲಿಗಿ ಯಾರರ ಹೊಲಸ ಅಂತಾರೇನ್ರಿ?" ಎಂದ. ಆ ಶಾಂತ ಧ್ವನಿ ಹುಳಕ್ಕಿಂತ ಹೆಚ್ಚು ಹೇಸಿಗೆ ತಂದಿತು. ಫೋನು ಇಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಪ್ಲೈವುಡ್ಡನ್ನು ತುಂಡುತುಂಡಾಗಿ ಕಿತ್ತು ತೆಗೆದೆ. ಗಂಡ ಒಂದು ತುಂಡು ಎತ್ತಿ, ಓಕರಿಸಿ, ಬಾವಿಯ ಕಡೆ ಓಡಿದವರು ಊಟದ ಹೊತ್ತಿಗೆ ಬಂದರು. ನನಗೂ ಓಕರಿಕೆ ಬರುತ್ತಿತ್ತು. ಆದರೆ ಮಾಡುವವರು ಬೇರೆ ಯಾರೂ ಇಲ್ಲದಾಗ ಓಕರಿಕೆಯೂ ಸ್ವಲ್ಪ ತಡೆಯುತ್ತದೆ, ಅದು ನನಗೆ ಅವತ್ತು ತಿಳಿಯಿತು.

ಬರೀ ಲೋಹದ ಗೂಡು ಉಳಿದ ಗಾಡಿಯನ್ನು ಗೋಕಾಕದ ಒಬ್ಬ ವೆಲ್ಡಿಂಗ್‌ನವನ ಹತ್ತಿರ ಒಯ್ದೆ. ಹೇಗೆ ಬೇಕೆಂದು ಮಗಳ ನೋಟಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. ಎಡಗಡೆ ಪೂರ್ತಿ ರೊಟ್ಟಿಗೆ: ಸ್ಟೀಲಿನ ಹಲಗೆಗಳು, ಗಾಳಿಯಾಡಲು ಜಾಳಿಗೆಯ ಬಾಗಿಲು, ಅದಕ್ಕೆ ಕೊಂಡಿ. ಬಲಗಡೆ ಮನೆಮಂದಿಗೆ: ಎರಡು ಉದ್ದನೆಯ ಬೆಂಚು, ಬೇಡವಾದಾಗ ಗೋಡೆಗೆ ಮಡಚಿಡುವಂಥವು. ಎರಡೂ ಭಾಗಗಳ ನಡುವೆ ತಗಡಿನ ಅಡ್ಡಗೋಡೆ. ನೆಲಕ್ಕೆ ಮರ ಬೇಡವೇ ಬೇಡ. ಅಂಚು ಮೇಲಕ್ಕೆ ಮಡಚಿದ ಅಲ್ಯೂಮಿನಿಯಂ ಹಾಳೆ, ತೊಳೆದರೆ ನೀರು ಹೊರಗೆ ಹೋಗಲು ಹಿಂದೊಂದು ತೂತು. ನಲ್ಲಿ ಇದ್ದ ನೀರಿನ ಕ್ಯಾನು ಕಟ್ಟಲು ಮೂಲೆಯಲ್ಲಿ ಒಂದು ಕಬ್ಬಿಣದ ಬಳೆ. ಕಿಟಕಿಗಳಿಗೆ ಪರದೆ.

ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ. ಆದರೆ ನಾಲ್ಕನೇ ದಿನ ನೋಡಲು ಹೋದರೆ ರೊಟ್ಟಿಯ ಹಲಗೆಯ ಕೆಳಗಿನ ಮೂಲೆಯಲ್ಲಿ ಕೆಂಪಗೆ, ಜಿಗಿಜಿಗಿ, ಗುಟಕಾ ಉಗುಳು. ಕೆಲಸ ಮಾಡುತ್ತ ಮಾಡುತ್ತ, ಕೂತಲ್ಲಿಂದ ಏಳದೆ, ನನ್ನ ಹೊಸ ನೆಲದ ಮೇಲೇ ಉಗುಳಿದ್ದ.

"ಏನ್ರಿ ಇದು?"

"ಅದು ಮೂಲ್ಯಾಗ ಐತಲ್ರಿ. ಅಲ್ಲಿ ಯಾರ ನೋಡತಾರ?"

"ನಾ ನೋಡತೇನಿ. ಒರಸ್ರಿ."

ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಬಾಯಲ್ಲಿದ್ದದ್ದನ್ನು ಹೊರಗೆ ಉಗಿದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಅದೇ ವಸ್ತ್ರದಿಂದ ಮುಖದ ಬೆವರು ಒರೆಸಿಕೊಂಡ. ನಾನು ಮನೆಗೆ ಬಂದು ಆ ಮೂಲೆಯನ್ನು ಮತ್ತೆ ಮೂರು ಸಲ ತೊಳೆದೆ.

ಹೀಗೆ ತಯಾರಾದ ಗಾಡಿ ನೋಡಲು ನಿಜಕ್ಕೂ ಚೆನ್ನಾಗಿತ್ತು. ನನ್ನ ಅತ್ತೆ ಒಳಗೆ ಹತ್ತಿ, ಹಲಗೆಯ ಮೇಲೆ ಬೆರಳೆಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಹೂಂ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಅತ್ತೆಯ ಮಡಿ, ಅಚ್ಚುಕಟ್ಟು ನಮ್ಮ ಓಣಿಗೇ ಗೊತ್ತು. ಅವರ ನೀರಿನ ತಂಬಿಗೆಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಅಂಗಡಿಯಿಂದ ತಂದ ಉಪ್ಪಿನ ಪಾಕೀಟನ್ನು ತೊಳೆದು ಒಳಗೆ ಇಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮುಂದೆ ಕೂತ ನನ್ನನ್ನು ದಿನಕ್ಕೆ ಹತ್ತು ಸಲ, "ಕೈ ತೊಳದಿಯೇನ?" ಎಂದು ಕೇಳಿ ಅಳಿಸಿದ್ದಾರೆ. ರೊಟ್ಟಿಯ ಕೆಲಸ ಶುರುವಾದ ಮೇಲೆ ಬಡಿಯಲು ಬರುವ ಹೆಣ್ಣುಮಕ್ಕಳ ಉಗುರು ನೋಡುವವರೂ ಅವರೇ.

ಗಾಡಿ ಬಂದ ಮೇಲೆ ನಮಗೆ ನೆಂಟರು ಹೆಚ್ಚಾದರು. ಅದರಲ್ಲೂ ತುಕ್ಕಾನಟ್ಟಿಯಲ್ಲಿರುವ ನನ್ನ ಭಾವ, ಅಂದರೆ ಗಂಡನ ಅಣ್ಣ, ರವಿವಾರ ಬಂದರೆ ಸಾಕು, ಹೆಂಡತಿ, ಮಗಳು, ಮಗಳ ಕೂಸು ಎಲ್ಲರನ್ನೂ ಕರೆದುಕೊಂಡು ಹಾಜರು. ಗೋಕಾಕ ಫಾಲ್ಸಿಗೆ ನೀರು ಬಂದಿದೆ ಎಂದರೆ ಹೊರಟರು, ಯಾರದೋ ಮನೆ ಒಕ್ಕಲು ಎಂದರೆ ಹೊರಟರು. ಭಾವ ಕಿಟಕಿಯಿಂದ ಗುಟಕಾ ಉಗುಳುತ್ತಿದ್ದರು. ಓಡುವ ಗಾಡಿಯ ಗಾಳಿಗೆ ಅದು ತಿರುಗಿ ಬಂದು ಬಿಳಿ ಬಣ್ಣದ ಮೇಲೆ ಉದ್ದಕ್ಕೆ ಬಾಲದ ಹಾಗೆ ಅಂಟುತ್ತಿತ್ತು. ಶೇಂಗಾ ಸಿಪ್ಪೆ, ಬಾಳೆಸಿಪ್ಪೆ, ಅರ್ಧ ಕಡಿದ ಮಿರ್ಚಿ ಎಲ್ಲ ಬೆಂಚಿನ ಕೆಳಗೆ. ಸೋಮವಾರ ಬೆಳಗಿನ ಐದು ಗಂಟೆಗೆ ಎದ್ದು ತೊಳೆಯುವವಳು ನಾನು.

ಒಂದು ಸೋಮವಾರ ರೊಟ್ಟಿಯ ಡಬ್ಬ ಇಡಲು ಜಾಳಿಗೆಯ ಬಾಗಿಲು ತೆಗೆದರೆ ಮೇಲಿನ ಹಲಗೆಯಲ್ಲಿ ಕೂಸಿನ ಡೈಪರು. ಹಿಂದಿನ ದಿನದ್ದು, ತುಂಬಿದ್ದು, ಉಂಡೆಮಾಡಿ ಇಟ್ಟದ್ದು. ನನ್ನ ಕೈ ಅದಕ್ಕೆ ತಾಗಿತು. ತಕ್ಷಣ ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಫೋನು ಮಾಡಿದೆ. ಆಕೆಯನ್ನು ನಾನು ಅಕ್ಕಾ ಎಂದೇ ಕರೆಯುವುದು.

"ಅಕ್ಕಾ, ಜನಾ ತಿನ್ನೂ ರೊಟ್ಟಿ ಇಡೂ ಜಾಗಾ ಅದು."

"ಹಂಗಾರ ಎಲ್ಲಿ ಇಡಬೇಕಿತ್ತ? ರಸ್ತಾದಾಗ ಒಗದಿದ್ರ ಅದಕ್ಕೂ ಬೈತಿದ್ದಿ."

ಅವತ್ತಿನಿಂದ ಆಕೆಯ ಮೇಲೆ ನನಗೆ ಒಂದು ಹೇಸಿಗೆ ಕೂತುಬಿಟ್ಟಿತು. ಆಕೆ ಕೊಟ್ಟ ಚಹಾ ಕುಡಿಯುವಾಗಲೂ ಆಕೆಯ ಬೆರಳು ನೋಡುತ್ತಿದ್ದೆ. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಬೇಸಿಗೆಯ ಒಂದು ರವಿವಾರ ಹುಕ್ಕೇರಿಯಲ್ಲಿರುವ ನಾದಿನಿಯ ಮನೆಯಲ್ಲಿ ಅವಳ ಮಗಳ ಕುಬಸ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೋಳಿಗೆ ಊಟ. ಅತ್ತೆಗೆ ಮಗಳ ಮನೆಯ ಊಟವೆಂದರೆ ಸಂಭ್ರಮ. ಹೋಳಿಗೆಗೆ ತುಪ್ಪ, ಮೇಲೆ ಹಾಲು, ಆಮೇಲೆ ಮಜ್ಜಿಗೆ. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಮೂರರ ಸುಡು ಬಿಸಿಲಿನಲ್ಲಿ ತಿರುಗಿ ಹೊರಟೆವು. ಗಂಡ ಓಡಿಸುತ್ತಿದ್ದರು, ಪಕ್ಕದಲ್ಲಿ ಭಾವ. ಮುಂದೆ ಜೋರಾಗಿ ಹಾಡು ಹಾಕಿದ್ದರು. ಹಿಂದೆ ಬೆಂಚಿನ ಮೇಲೆ ಅತ್ತೆ, ನಾನು, ನೆಗೆಣ್ಣಿ, ಅವಳ ಮಗಳು, ಕೂಸು, ನನ್ನ ಮಗಳು.

ಘಟಪ್ರಭಾ ದಾಟಿದ ಮೇಲೆ ಅತ್ತೆ ಮಾತು ನಿಲ್ಲಿಸಿದರು. ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಹಣೆಯ ಮೇಲೆ ಬೆವರು. ಸ್ವಲ್ಪ ಹೊತ್ತಿನ ನಂತರ, "ತಮ್ಮಾ, ಗಾಡಿ ನಿಂದರಸೊ," ಎಂದರು. ಹಾಡಿನಲ್ಲಿ ಕೇಳಿಸಲಿಲ್ಲ. ನಾನು ಕೂಗಿ ಹೇಳಿದೆ.

ಭಾವ ತಿರುಗಿ, "ಅರಭಾವಿ ಬಂತು, ಅಲ್ಲಿ ನಿಂದರಸೂಣು. ಇಲ್ಲಿ ಏನೈತಿ, ಬರೇ ಕಬ್ಬ," ಎಂದರು.

ಅತ್ತೆ ಇನ್ನೊಮ್ಮೆ ಹೇಳಿದರು. ಈ ಸಲ ಬೇಡಿಕೊಳ್ಳುವ ಧ್ವನಿ. ಇಪ್ಪತ್ತು ವರ್ಷದಲ್ಲಿ ಆ ಧ್ವನಿ ನಾನು ಕೇಳಿರಲಿಲ್ಲ. ನಾನು ಎದ್ದು ಹೋಗಿ ಗಂಡನ ಭುಜ ಹಿಡಿದು ಅಲ್ಲಾಡಿಸಿದೆ. ಗಾಡಿ ನಿಲ್ಲುವಷ್ಟರಲ್ಲಿ ಆಗಿಹೋಗಿತ್ತು.

ನೀರಿನ ಹಾಗೆ ಭೇದಿ ಆಗಿತ್ತು. ಬೆಂಚಿನಿಂದ ನೆಲಕ್ಕೆ, ನೆಲದಲ್ಲಿ ಗಾಡಿ ಓರೆಯಾದ ಕಡೆಗೆ ಹರಿಯಿತು. ಮುಚ್ಚಿದ ಬಿಸಿ ಗಾಡಿಯಲ್ಲಿ ಆ ನಾತ ಒಮ್ಮೆಲೇ ತುಂಬಿತು. ಕೂಸು ಅಳತೊಡಗಿತು. ಬಾಗಿಲು ತೆರೆದದ್ದೇ ತಡ, ಎಲ್ಲರೂ ದಬದಬ ಇಳಿದರು.

ನಾನೂ ಇಳಿದೆ. ಅದನ್ನು ಮುಚ್ಚಿಡುವುದಿಲ್ಲ. ಗಾಡಿಯ ಹಿಂದೆ ಹೋಗಿ ತಿಂದ ಹೋಳಿಗೆಯನ್ನೆಲ್ಲ ಕಕ್ಕಿದೆ. ಬಾಯಿ ಒರೆಸಿಕೊಂಡು ತಲೆ ಎತ್ತಿದಾಗ ಕಂಡದ್ದು ಇಷ್ಟು: ಅತ್ತೆ ಹೆತ್ತ ಗಂಡುಮಕ್ಕಳಿಬ್ಬರೂ ಇಪ್ಪತ್ತು ಮಾರು ದೂರದ ಬೇವಿನ ಗಿಡದ ನೆರಳಲ್ಲಿ ಕರ್ಚೀಪಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಅಣ್ಣ ಗುಟಕಾದ ಚೀಟಿ ಹರಿದು ಬಾಯಿಗೆ ಹಾಕಿಕೊಂಡು, ತಮ್ಮನಿಗೂ ಒಂದು ಕೊಟ್ಟು, "ಹಾಕ್ಕೊ, ವಾಸನಿ ಬಡಿಯೂದಿಲ್ಲ," ಎನ್ನುತ್ತಿದ್ದರು. ನನ್ನ ಗಂಡ ಅಲ್ಲಿಂದಲೇ ಕೈ ಬೀಸಿ, "ನೀರ ಹಾಕ, ನೀರ ಹಾಕ, ಕ್ಯಾನಿನ್ಯಾಗ ನೀರ ಐತಿ," ಎಂದು ನನಗೆ ದಾರಿ ತೋರಿಸುತ್ತಿದ್ದರು.

ನನ್ನ ಹೊಟ್ಟೆಯಲ್ಲಿದ್ದ ಓಕರಿಕೆ ಆ ಕ್ಷಣ ಜಾಗ ಬದಲಿಸಿತು.

ಮತ್ತೆ ಗಾಡಿ ಹತ್ತಿದೆ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು. ನನ್ನ ಮುಖ ನೋಡಲಿಲ್ಲ. "ನೀ ಮುಟ್ಟಬ್ಯಾಡ. ಕೈ ಹೊಲಸಾಕ್ಕಾವ," ಎಂದರು. ನಾನು ಪ್ರೀತಿಯಿಂದ ಮುಟ್ಟಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹಲ್ಲು ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಮುಟ್ಟಿದೆ. ಅವರಿಗೆ ಅದು ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು.

ಅಷ್ಟರಲ್ಲಿ ರಸ್ತೆಯ ಆ ಬದಿಯಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಹೆಂಗಸು ಬಂದಳು. ನಮ್ಮ ಅತ್ತೆಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ಒಳಗೆ ಇಣುಕಿ ನೋಡಿ, ಏನೂ ಕೇಳದೆ, ತೋಳು ಚಾಚಿದಳು. "ಬಾ ಯವ್ವಾ, ಇಳಿ. ಅಲ್ಲೆ ಪೈಪಿನ್ಯಾಗ ನೀರ ಬರಾಕತ್ತೈತಿ." ಮೂಗು ಮುಚ್ಚಲಿಲ್ಲ, ಮುಖ ಸಿಂಡರಿಸಲಿಲ್ಲ. ನಾವಿಬ್ಬರೂ ಅತ್ತೆಯನ್ನು ಆಚೀಚೆ ಹಿಡಿದು ಕಬ್ಬಿನ ಮರೆಗೆ ಕರೆದೊಯ್ದೆವು. ನನ್ನ ಮಗಳು ಕಿಟಕಿಯ ಪರದೆ ಬಿಚ್ಚಿಕೊಂಡು ಬಂದು ಅಡ್ಡ ಹಿಡಿದಳು. ಆ ಹೆಂಗಸು ಅತ್ತೆಯ ಮೈಮೇಲೆ ನೀರು ಹೊಯ್ಯುತ್ತ, ತನ್ನ ಕುರಿಗಳ ಬಗ್ಗೆ, ಮರಿಗಳಿಗೆ ಭೇದಿ ಹತ್ತಿದ್ದರ ಬಗ್ಗೆ ಸುಮ್ಮನೆ ಮಾತಾಡುತ್ತಿದ್ದಳು. ತನ್ನ ಗಂಟಿನಲ್ಲಿದ್ದ ಹಳೆಯ ಸೀರೆಯೊಂದನ್ನು ಉಡಿಸಿದಳು. ನೆಗೆಣ್ಣಿ ಬಂದು ಹೊಲಸಾದ ಇಳಕಲ್ ಸೀರೆಯ ಗಂಟನ್ನು ಎತ್ತಿಕೊಂಡು ಕಾಲುವೆಯ ಕಡೆ ಹೋದಳು. ಎಸೆದು ಬರುತ್ತಾಳೆ ಎಂದುಕೊಂಡೆ. ಬಂದಾಗ ಸೀರೆ ಹಿಂಡಿ ಮಡಚಿ ಕೈಯಲ್ಲಿತ್ತು. ನಾನು ನೆಲ ಉಜ್ಜುತ್ತಿದ್ದೆ.

ಮೂಡಲಗಿಗೆ ಬಂದ ಮೇಲೆ ಮೂರು ದಿನ ರೊಟ್ಟಿ ಕಳಿಸಲಿಲ್ಲ. ಬೆಂಚು ಬಿಚ್ಚಿಸಿದೆ, ಫಿನಾಯಿಲು, ಬ್ಲೀಚಿಂಗ್ ಪುಡಿ, ಕುದಿಯುವ ನೀರು ಹಾಕಿ ತೊಳೆದೆ. ಅಡ್ಡಗೋಡೆಯ ಈಚೆ ರೊಟ್ಟಿಯ ಕಡೆ ಒಂದು ಹನಿಯೂ ಬಂದಿರಲಿಲ್ಲ, ಆದರೂ ಅದನ್ನೂ ತೊಳೆದೆ. ಅತ್ತೆ ಆ ಮೂರು ದಿನ ಹಿತ್ತಲಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಾಲ್ಕನೇ ದಿನ ಎಲ್ಲ ಮೊದಲಿನಂತೆ ಶುರುವಾಯಿತು, ಅಥವಾ ನಾನು ಹಾಗೆ ಅಂದುಕೊಂಡೆ.

ಹತ್ತು ದಿನದ ನಂತರ ಗೋಕಾಕದ ಒಂದು ಖಾನಾವಳಿಯ ಮುಂದೆ ಗಾಡಿ ನಿಲ್ಲಿಸಿದಾಗ ಅದರ ಮಾಲಕರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಡಬ್ಬ ಇಳಿಸಲು ಬಿಡಲಿಲ್ಲ.

"ಅಕ್ಕಾರ, ಸದ್ಯಾಕ ರೊಟ್ಟಿ ಬ್ಯಾಡ್ರಿ."

"ಯಾಕ್ರಿ? ದಪ್ಪ ಬಂದಾವೇನ್ರಿ?"

"ರೊಟ್ಟಿ ಚಲೋನ ಅದಾವ್ರಿ. ಆದ್ರ ಉಣ್ಣಾಕ ಬರೂ ಮಂದಿ ಮಾತಾಡಾಕತ್ತಾರ." ಅವರು ನನ್ನ ಕಣ್ಣು ತಪ್ಪಿಸಿ ಗಾಡಿಯ ಕಡೆ ನೋಡಿದರು. "ಹೇಲಿನ ಗಾಡ್ಯಾಗ ರೊಟ್ಟಿ ತರತಾರ ಅಂತಾರ್ರಿ. ತಪ್ಪ ತಿಳಕೋಬ್ಯಾಡ್ರಿ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಅತ್ತೆಗೆ ಆರಾಮ ಇರಲಿಲ್ಲ, ಹೀಗಾಯಿತು, ತೊಳೆದಿದ್ದೇನೆ, ಒಳಗೆ ಬಂದು ನೋಡಿ ಎಂದೆ. ಅವರು ಒಳಗೆ ಬರಲಿಲ್ಲ. ಬಾಗಿಲಲ್ಲಿ ಕೂತು ಉಣ್ಣುತ್ತಿದ್ದ ಒಬ್ಬ ನನ್ನ ಮುಖ ನೋಡಿ, ತಾಟಿನಲ್ಲಿದ್ದ ರೊಟ್ಟಿಯನ್ನು ಎಡಗೈಯಿಂದ ದೂರ ಸರಿಸಿದ. ಅದು ನನ್ನ ರೊಟ್ಟಿಯೂ ಆಗಿರಲಿಲ್ಲ.

ಅಲ್ಲಿಂದ ಗಾಡಿಯನ್ನು ನೇರ ತುಕ್ಕಾನಟ್ಟಿಗೆ ತಿರುಗಿಸಿದೆ. ಹೇಳಿದವಳು ನೆಗೆಣ್ಣಿಯೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಕೆ ಪಡಸಾಲೆಯಲ್ಲಿ ಕೂತು ಹಿಟ್ಟು ಸಾಣಿಸುತ್ತಿದ್ದಳು. ನಾನು ಚಪ್ಪಲಿ ಬಿಡದೆ ಒಳಗೆ ಹೋಗಿ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ರೊಟ್ಟಿಯ ಜಾಗದಲ್ಲಿ ಹೊಲಸು ಇಟ್ಟ ಕೈ ನಿನ್ನದು, ಈಗ ನನ್ನ ದುಡಿಮೆಗೂ ಅದೇ ಕೈಯಿಂದ ಬಳಿದೆ, ನಿನ್ನ ಬಾಯಿ ಗಟಾರಕ್ಕಿಂತ ಕಡೆ ಎಂದೆ. ಇನ್ನೂ ಏನೇನೋ ಅಂದೆ, ಅವನ್ನು ಬರೆಯಲಾರೆ.

ಆಕೆ ಸಾಣಿಗೆ ನಿಲ್ಲಿಸಲಿಲ್ಲ. "ನಾ ಯಾರ ಮುಂದನೂ ಹೇಳಿಲ್ಲ," ಎಂದಳು. ಅಷ್ಟೇ. ನನಗೆ ಅದೂ ನಾಟಕವೆನಿಸಿತು.

ಮರುವಾರ ಗಾಲಿ ಪಂಕ್ಚರ್ ಆಯಿತು. ಮೂಡಲಗಿಯಲ್ಲಿ ಗಂಡನ ಕಚೇರಿಯ ಹತ್ತಿರ ಒಂದು ಪಂಕ್ಚರ್ ಅಂಗಡಿ, ಅದರ ಬಾಜೂ ಚಹಾದಂಗಡಿ. ಗಾಲಿ ಬಿಚ್ಚುವವರೆಗೆ ನಾನು ಗಾಡಿಯ ಒಳಗೇ ಕೂತು ಚಟ್ನಿಯ ಪಾಕೀಟು ಎಣಿಸುತ್ತಿದ್ದೆ. ಪರದೆ ಎಳೆದಿತ್ತು. ಗಾಡಿಯ ಆಚೆ ಬದಿಯಲ್ಲಿ ನಾಲ್ಕೈದು ಜನ ಚಹಾ ಹಿಡಿದು ನಿಂತದ್ದು ಮಾತಿನಿಂದ ತಿಳಿಯಿತು. ಆಮೇಲೆ ನನ್ನ ಗಂಡನ ಧ್ವನಿ. ಈ ಕಡೆ ನಿಂತದ್ದು ತಮ್ಮದೇ ಗಾಡಿ ಎಂದು ಅವರು ನೋಡಿರಲಿಲ್ಲವೋ, ನೋಡಿದರೂ ನಾನು ಒಳಗಿದ್ದೇನೆಂದು ತಿಳಿಯಲಿಲ್ಲವೋ.

"ಇಂವಾ ಹೊಸಾ ಬಂದಾನ, ಇವಗ ಅದೊಂದ ಹೇಳ ಮಾರಾಯಾ," ಎಂದು ಯಾರೋ ಒತ್ತಾಯ ಮಾಡಿದರು.

ನನ್ನ ಗಂಡ ಹೇಳಿದರು. ಬಹಳ ಸಲ ಹೇಳಿ ರೂಢಿಯಾದವರ ಹಾಗೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ನಗಿಸಬೇಕೋ ಅಲ್ಲಿ ನಗಿಸಿ. ಹೆತ್ತ ತಾಯಿಯ ನಡುಗುವ ಧ್ವನಿ ಮಾಡಿ "ತಮ್ಮಾ, ಗಾಡಿ ನಿಂದರಸೊ" ಎಂದರು. ಎಲ್ಲರೂ ನಕ್ಕರು. ನಾನು ಗಾಡಿಯ ಹಿಂದೆ ವಾಂತಿ ಮಾಡಿದ್ದನ್ನು ಶಬ್ದಸಮೇತ ಮಾಡಿ ತೋರಿಸಿದರು. ಇನ್ನೂ ನಕ್ಕರು. "ಉಪ್ಪಿನ ಪಾಕೀಟ ತೊಳದ ಇಡೂ ಹೆಣ್ಣಮಗಳ್ರಿ ಆಕಿ," ಎಂದು ಕೊನೆಗೆ ಅಂದರು, ಅದಕ್ಕೆ ಎಲ್ಲಕ್ಕಿಂತ ಜೋರಾಗಿ ನಕ್ಕರು.

ಬಾಗಿಲು ಸರಿಸಿ ಇಳಿದೆ. ಗಂಡನ ಕೈಯಲ್ಲಿದ್ದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಅವರ ಗೆಳೆಯರೊಬ್ಬರು ಏನೂ ಆಗಿಲ್ಲವೆಂಬಂತೆ, "ಬರ್ರಿ ವೈನಿ, ಚಾ ಕುಡೀರಿ," ಎಂದರು.

"ಚಾ ಬ್ಯಾಡ್ರಿ," ಎಂದೆ. "ಅವತ್ತ ಗಾಡಿ ತೊಳದಾಕಿ ನಾನು. ಇವರು ಗಿಡದ ಬುಡಕ ನಿಂತಿದ್ರು. ಇನ್ನ ಏನರ ಕೇಳೂದಿದ್ರ ನನ್ನ ಕೇಳ್ರಿ, ಹೇಳತೇನಿ."

ಹೊಸದಾಗಿ ಬಂದಿದ್ದ ಹುಡುಗ ಮುಖದಲ್ಲಿ ಇನ್ನೂ ಆರದ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲ ನೋಡಿದ.

ಸಂಜೆ ಮನೆಯಲ್ಲಿ ಗಂಡ, "ಬರೇ ನಗೂದಕ, ಚಾಷ್ಟಿಗಿ ಹೇಳಿದ್ನಿ. ಅದಕ್ಯಾಕ ಇಷ್ಟ ದೊಡ್ಡದ ಮಾಡತಿ?" ಎಂದರು.

"ಖಾನಾವಳಿಯವರು ರೊಟ್ಟಿ ಬಿಟ್ರು. ಅಕ್ಕಗ ನಾ ಬಾಯಿಗೆ ಬಂದಂಗ ಬೈದ ಬಂದೆ. ನೀವು ಒಂದ ಮಾತ ಬಾಯಿ ಬಿಡಲಿಲ್ಲ."

"ಅಷ್ಟ ದೂರ ಹೋಗತೈತಿ ಅಂತ ನನಗೇನ ಗೊತ್ತ?"

ಬಾಗಿಲಲ್ಲಿ ಅತ್ತೆ ನಿಂತದ್ದನ್ನು ಇಬ್ಬರೂ ನೋಡಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಮಗನ ಮುಖ ನೋಡಿ, ಸಿಟ್ಟಿಲ್ಲದೆ, "ನಿನ್ನ ಹೊಲಸ ನಾ ಯಾರ ಮುಂದನೂ ಹೇಳಿಲ್ಲೊ ತಮ್ಮಾ," ಎಂದು ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗಂಡ ಬಹಳ ಹೊತ್ತು ಮೊಬೈಲು ನೋಡುತ್ತ ಕೂತಿದ್ದರು. ಅದರ ಪರದೆ ಆರಿತ್ತು.

ಮರುದಿನ ತುಕ್ಕಾನಟ್ಟಿಗೆ ಹೋದೆ. ಆ ದಾರಿ ಅಷ್ಟು ಉದ್ದವೆಂದು ನನಗೆ ಮೊದಲು ಎನಿಸಿರಲಿಲ್ಲ. ನನ್ನ ಮೇಲೇ ನನಗೆ ಬಂದ ಹೇಸಿಗೆಯನ್ನು ಉಗುಳುವುದಕ್ಕೆ ಜಾಗವಿರಲಿಲ್ಲ. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, "ಅಕ್ಕಾ, ನಂದ ತಪ್ಪಾತು. ಹೇಳಿದವರು ಇವರು," ಎಂದೆ.

ಆಕೆ ನನ್ನನ್ನು ಕೂರಿಸಲಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿಯೇ ಇಟ್ಟಳು. ಆಮೇಲೆ, "ಡೈಪರ ಇಟ್ಟದ್ದ ಮಾತ್ರ ನಂದ ತಪ್ಪ ಐತಿ. ಅವತ್ತ ಒಪ್ಪಕೊಳ್ಳಲಿಲ್ಲ," ಎಂದಳು. "ಆದ್ರ ನೀ ಅಂದ ಮಾತ ನಾ ಮರಿಯೂದಿಲ್ಲ. ಸುಳ್ಳ ಯಾಕ ಹೇಳ್ಲಿ?"

"ಮರೀಬ್ಯಾಡ," ಎಂದೆ.

ಚಹಾ ಕೊಟ್ಟಳು. ಕುಡಿದೆ. ಕಪ್ಪು ತೊಳೆಯಲು ಹೋದರೆ ಕಿತ್ತುಕೊಂಡಳು. ಈಗಲೂ ನಾವು ಹೆಚ್ಚು ಮಾತಾಡುವುದಿಲ್ಲ, ಆದರೆ ರವಿವಾರದ ತಿರುಗಾಟ ಮುಗಿದ ಮೇಲೆ ಇಳಿಯುವ ಮುನ್ನ ಆಕೆ ಬೆಂಚಿನ ಕೆಳಗಿನದ್ದನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಾಳೆ. ಭಾವನಿಗೆ ಗುಟಕಾ ಬಾಯಲ್ಲಿದ್ದರೆ ಗಾಡಿ ಹತ್ತಲು ಬಿಡುವುದಿಲ್ಲವೆಂದು ಎಲ್ಲರ ಮುಂದೆ ಹೇಳಿದೆ. ಅವರು ಸಿಟ್ಟಾಗಿ ಬರುವುದನ್ನೇ ಬಿಟ್ಟರು. ಒಳ್ಳೆಯದೇ ಆಯಿತು.

ಖಾನಾವಳಿಯ ಮಾಲಕರು ಮಳೆಗಾಲದ ಹೊತ್ತಿಗೆ ಫೋನು ಮಾಡಿ, ಬೇರೆಯವರ ರೊಟ್ಟಿ ಮುರಿಯುತ್ತಿವೆ, ನೀವೇ ತನ್ನಿ ಎಂದರು. ತರುವುದಿಲ್ಲ ಎಂದೆ. ಅಷ್ಟರಲ್ಲಿ ನಿಡಸೋಸಿ ಕಡೆ ಬಾಡಿಗೆ ಕೋಣೆ ಮಾಡಿಕೊಂಡಿರುವ ಕಾಲೇಜು ಹುಡುಗಿಯರು ವಾರಕ್ಕೊಮ್ಮೆ ಖಡಕ್ ರೊಟ್ಟಿ ತರಿಸಲು ಶುರುಮಾಡಿದ್ದರು. ಅವರು ಗಾಡಿಯ ಒಳಗೇ ಹತ್ತಿ ಬಂದು, ಆರಿಸಿ, ಎಣಿಸಿಕೊಂಡು ಹೋಗುತ್ತಾರೆ. ಅವರಿಗೂ ಆ ಸುದ್ದಿ ಗೊತ್ತಿರಬಹುದು. ನಾನು ಕೇಳಿಲ್ಲ.

ಗಾಡಿಯ ಕೀಲಿಯನ್ನು ಆಮೇಲೆ ಗಂಡನಿಗೆ ಕೊಡಲಿಲ್ಲ. ಅವರು ಕೇಳಲೂ ಇಲ್ಲ. ಉಣ್ಣಲು ಬಡಿಸುತ್ತೇನೆ, ಅಂಗಿ ಒಗೆಯುತ್ತೇನೆ, ಮಗಳ ಸಾಲಿಯ ವಿಷಯ ಮಾತಾಡುತ್ತೇವೆ. ಆದರೆ ಅವರು ನಕ್ಕಾಗ ನನ್ನ ಮುಖ ತಾನಾಗಿ ಆಚೆ ತಿರುಗುತ್ತದೆ. ಅವರು ಈಗ ಮನೆಯಲ್ಲಿ ನಗುವುದು ಕಡಿಮೆ.

ಅತ್ತೆ ಬೇಸಿಗೆ ಮುಗಿದರೂ ಗಾಡಿ ಹತ್ತಲಿಲ್ಲ. ಶ್ರಾವಣ ಕಳೆದ ಮೇಲೆ ಗೋಕಾಕದಲ್ಲಿ ಅವರ ಕಣ್ಣಿಗೆ ಆಪರೇಶನ್ ಆಯಿತು. ಬಸ್ಸಿನಲ್ಲಿ ಬರುತ್ತೇನೆ ಎಂದು ಹಟ ಹಿಡಿದವರನ್ನು ಡಾಕ್ಟರರೇ ಬೈದು ಗಾಡಿ ಹತ್ತಿಸಿದರು. ನಾನು ಓಡಿಸುತ್ತಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅತ್ತೆಯನ್ನು ಹಿಡಿದುಕೊಳ್ಳಲು ಹಿಂದೆ ಅವರ ಪಕ್ಕದಲ್ಲಿ ಗಂಡ ಕೂತಿದ್ದರು. ಊರು ದಾಟುವ ಮೊದಲೇ ಅತ್ತೆಗೆ ಔಷಧದ ಅಮಲಿಗೆ ಹೊಟ್ಟೆ ತೊಳಸಿತು. ಹಿಂದಿನದ್ದು ಕಾಣುವ ಕನ್ನಡಿಯಲ್ಲಿ ನೋಡಿದೆ. ಗಂಡ ಪ್ಲಾಸ್ಟಿಕ್ ಚೀಲವೊಂದನ್ನು ಅವರ ಬಾಯಿಯ ಕೆಳಗೆ ಹಿಡಿದಿದ್ದರು. ಎರಡೇ ಬೆರಳಿನಿಂದ, ತಮ್ಮ ಮೈಯಿಂದ ಆದಷ್ಟು ದೂರ, ಮುಖ ಕಿವುಚಿಕೊಂಡು. ಇನ್ನೊಂದು ಕೈ ತಾಯಿಯ ಬೆನ್ನ ಮೇಲಿತ್ತು. ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಅವರು ಇಳಿದು, ಚೀಲದ ಬಾಯಿ ಗಂಟುಹಾಕಿ, ಗುಂಡಿ ಹುಡುಕಿ ಹಾಕಿ ಬಂದು, ಕ್ಯಾನಿನ ನಲ್ಲಿ ತಿರುವಿ ಮೊದಲು ತಾಯಿಯ ಬಾಯಿ ತೊಳೆದರು. ಆಮೇಲೆ ತಮ್ಮ ಕೈಯನ್ನು ಬಹಳ ಹೊತ್ತು ತೊಳೆದುಕೊಂಡರು. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ, ಕುಲುಕದ ಹಾಗೆ ಎರಡನೇ ಗೇರಿನಲ್ಲಿ, ನಿಧಾನವಾಗಿ ಮೂಡಲಗಿಯ ದಾರಿ ಹಿಡಿದೆ.